ಇಬ್ಬರ ದೋಣಿಮನೆ: ಇಂಗ್ಲೆಂಡಿನ ಕಾಲುವೆಗಳಲ್ಲಿ ಒಂದು ಬೇಸಿಗೆ ಕಳೆಯಲು ಹೊರಡುವ ದಂಪತಿಗಳಿಗೆ

ಬಾಗಲಕೋಟೆಯ ಜನರ ಮುಂದೆ ನೀರು ಮತ್ತು ಮನೆ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಆಡಿದರೆ ಅವರಿಗೆ ನೆನಪಾಗುವುದು ಮುಳುಗಡೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಯನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಆದ್ದರಿಂದ ನಾನೂ ನಮ್ಮ ಮನೆಯವರೂ ನಿವೃತ್ತಿಯ ಮರುವರ್ಷ ಇಂಗ್ಲೆಂಡಿನ ಕಾಲುವೆಗಳ ಮೇಲೆ ದೋಣಿಯಲ್ಲೇ ಮನೆ ಹೂಡಿ, ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಊರಿಂದೂರಿಗೆ ಸಾಗುತ್ತ ಇರುತ್ತೇವೆಂದು ಹೇಳಿದಾಗ, ನೀರಿಗಾಗಿ ಮನೆ ಬಿಟ್ಟವರು ಮತ್ತೆ ನೀರಿಗೇ ಏಕೆ ಹೋಗುತ್ತೀರಿ ಎಂದು ಬೀಗರೂ ನೆರೆಯವರೂ ಕೇಳಿದರು. ದೋಣಿ ನಮ್ಮ ಮಗಳು ಅಳಿಯಂದಿರದು. ಆ ಬೇಸಿಗೆಯ ಮಟ್ಟಿಗೆ ಅವರು ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ನಾವು ಮರಳಿದ ಮೇಲೆ, ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಹಲವು ದಂಪತಿಗಳು ಜಮಖಂಡಿ, ಬೆಳಗಾವಿ, ವಿಜಯಪುರಗಳಿಂದ ವಿಚಾರಿಸಿದ್ದಾರೆ. ಅವರೆಲ್ಲರಿಗೂ ಒಟ್ಟಾಗಿ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ದೋಣಿಯ ಮನೆಯಲ್ಲಿ ಗಂಡನ ಕೆಲಸ, ಹೆಂಡತಿಯ ಕೆಲಸ ಎಂಬ ಹಂಚಿಕೆ ನಡೆಯುವುದಿಲ್ಲ. ಚುಕ್ಕಾಣಿ ಹಿಡಿಯುವುದರಿಂದ ಶೌಚದ ಡಬ್ಬಿ ಖಾಲಿ ಮಾಡುವವರೆಗೆ ಎಲ್ಲ ಕೆಲಸವೂ ಇಬ್ಬರಿಗೂ ಬರಬೇಕು. ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ, ಕಾಲು ಉಳುಕಿದರೆ, ಅಥವಾ ಒಬ್ಬರು ನೀರಿಗೆ ಬಿದ್ದರೆ, ಉಳಿದವರು ಒಬ್ಬರೇ ಆ ದೋಣಿಯನ್ನು ನಿಲ್ಲಿಸಿ ದಂಡೆಗೆ ಕಟ್ಟಬೇಕಾಗುತ್ತದೆ.

ಹೊರಡುವ ಮುನ್ನ

ನೀರಿನ ಮೇಲೆ ನಿದ್ದೆ ಬರುತ್ತದೆಯೇ ಎಂಬುದನ್ನು ವಿಮಾನದ ಟಿಕೆಟು ತೆಗೆಸುವ ಮೊದಲೇ ತಿಳಿದುಕೊಳ್ಳಬೇಕು. ನಮ್ಮ ಜಿಲ್ಲೆಗಳಲ್ಲಿ ಅದಕ್ಕೆ ಅವಕಾಶ ಕಡಿಮೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಘಟಪ್ರಭಾ, ಮಲಪ್ರಭಾ, ಭೀಮಾ ನದಿಗಳ ಹೆಸರುಗಳಿವೆ. ಆದರೆ ನಮ್ಮ ನದಿಗಳ ಬ್ಯಾರೇಜುಗಳನ್ನು ಕಟ್ಟಿರುವುದು ನೀರು ನಿಲ್ಲಿಸುವುದಕ್ಕೆ. ವಾಸದ ದೋಣಿಯೊಂದು ಅವುಗಳನ್ನು ದಾಟಿ ಮುಂದೆ ಹೋಗುವಂತಿಲ್ಲ. ಮಳೆಗಾಲದಲ್ಲಿ ದಂಡೆ ಮೀರುವ ನೀರು ಬೇಸಿಗೆಯಲ್ಲಿ ಮಡುಗಳಿಗೆ ಇಳಿದಿರುತ್ತದೆ. ಎಂಜಿನ್ ಇರುವ ದೋಣಿಯಾದರೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ತಪಾಸಣೆ ಮತ್ತು ನೋಂದಣಿಯೂ ಆಗಬೇಕು. ಹೀಗಾಗಿ ಕೇರಳದ ಆಲಪ್ಪುಳದಲ್ಲಿ ಎರಡು ರಾತ್ರಿ ದೋಣಿಮನೆಯಲ್ಲಿ ಉಳಿದು ಬರುವುದು ಒಳ್ಳೆಯದು. ಅಲ್ಲಿ ನಡೆಸುವವರೂ ಅಡುಗೆಯವರೂ ಬೇರೆ ಇರುತ್ತಾರೆ, ಕಲಿಯುವುದು ಏನೂ ಇಲ್ಲ. ಆದರೂ ಗೋಡೆಯ ಆಚೆಗೆ ನೀರಿದೆ ಎಂಬ ಅರಿವಿನಲ್ಲಿ ಕಣ್ಣು ಮುಚ್ಚುತ್ತದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ.

ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಮಾತ್ರ ಆ ದೇಶದಲ್ಲಿ ಇರಬಹುದು, ಅಲ್ಲಿ ದುಡಿಯುವಂತಿಲ್ಲ. ಅಷ್ಟು ಅವಧಿಗಾಗಿ ದೋಣಿ ಕೊಳ್ಳುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ. ಮಕ್ಕಳ ದೋಣಿಯಿದ್ದರೆ ಸರಿ, ಇಲ್ಲವಾದರೆ ಬಾಡಿಗೆಗೆ ಕೊಡುವ ಸಂಸ್ಥೆಗಳಿಂದ ಎರಡು ಮೂರು ವಾರಗಳಿಗೆ ಪಡೆಯಬಹುದು. ಬಾಡಿಗೆಯ ದೋಣಿಗೆ ಪರವಾನಗಿ, ವಿಮೆಗಳನ್ನು ಸಂಸ್ಥೆಯವರೇ ನೋಡಿಕೊಳ್ಳುತ್ತಾರೆ, ಮೊದಲ ದಿನ ದೋಣಿ ನಡೆಸುವುದನ್ನೂ ತೋರಿಸಿಕೊಡುತ್ತಾರೆ. ಮಕ್ಕಳ ದೋಣಿಯಾದರೆ ಮೂರು ಕಾಗದಗಳನ್ನು ನೀವೇ ಕೇಳಿ ನೋಡಬೇಕು: ಕಾಲುವೆಯ ಪರವಾನಗಿ, ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸುರಕ್ಷತಾ ತಪಾಸಣೆಯ ಪ್ರಮಾಣಪತ್ರ, ದೋಣಿಯನ್ನು ನೀವು ನಡೆಸುತ್ತೀರೆಂದು ವಿಮೆಯವರಿಗೆ ತಿಳಿಸಿದ ದಾಖಲೆ. ಖಾಸಗಿಯಾಗಿ ದೋಣಿ ನಡೆಸಲು ಅಲ್ಲಿನ ಕಾಲುವೆಗಳಲ್ಲಿ ಚಾಲನಾ ಪರವಾನಗಿ ಬೇಕಿಲ್ಲ. ಆದರೂ ಆರ್‌ವೈಎ ಎಂಬ ದೋಣಿಗಾರರ ಸಂಸ್ಥೆಯ ಮಾನ್ಯತೆಯಲ್ಲಿ ಒಂದೆರಡು ದಿನಗಳ ತರಬೇತಿ ದೊರೆಯುತ್ತದೆ. ನಾವಿಬ್ಬರೂ ಅದನ್ನು ಮುಗಿಸಿಯೇ ಹೊರಟೆವು. ಗಂಡನೊಬ್ಬ ಕಲಿತು ಬಂದು ಹೆಂಡತಿಗೆ ಹೇಳಿಕೊಡುತ್ತೇನೆ ಎನ್ನುವುದು ಬೇಡ. ಹಾಗೆ ಕಲಿತದ್ದು ಅರ್ಧವೇ ಆಗುತ್ತದೆ, ಜಗಳ ಮಾತ್ರ ಪೂರ್ತಿ ಆಗುತ್ತದೆ. ಸಂದರ್ಶಕರು ಅಲ್ಲಿನ ಆಸ್ಪತ್ರೆಗಳಲ್ಲಿ ಬಹುಪಾಲು ಚಿಕಿತ್ಸೆಗೆ ಹಣ ಕೊಡಬೇಕಾಗುವುದರಿಂದ ಪ್ರಯಾಣ ವಿಮೆಯನ್ನು ಮಾಡಿಸಿಕೊಳ್ಳಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಪೂರ್ತಿ ಅವಧಿಗೆ ಒಯ್ಯಬೇಕು.

ದೋಣಿ ಎಂಥದು

ಈ ಕಾಲುವೆಗಳ ದೋಣಿಗೆ ನ್ಯಾರೋಬೋಟ್ ಎನ್ನುತ್ತಾರೆ. ಉಕ್ಕಿನ ತಳ, ಉಕ್ಕಿನ ಗೋಡೆ. ಅಗಲ 6 ಅಡಿ 10 ಅಂಗುಲ ಮಾತ್ರ, ಉದ್ದ 72 ಅಡಿಯವರೆಗೂ ಇರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು, ಸುಣ್ಣ, ಮಣ್ಣಿನ ಪಾತ್ರೆಗಳನ್ನು ಸಾಗಿಸಲು ಈ ಕಾಲುವೆಗಳನ್ನು ತೋಡಿದಾಗ ಮಧ್ಯ ಇಂಗ್ಲೆಂಡಿನ ಬಹಳಷ್ಟು ಲಾಕುಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿರುವ ತೊಟ್ಟಿಗಳನ್ನು, 7 ಅಡಿ ಅಗಲಕ್ಕೆ ಕಟ್ಟಿದ್ದರು. ಆ ಅಳತೆಯೇ ಇಂದಿಗೂ ದೋಣಿಯ ಅಗಲವನ್ನು ನಿರ್ಧರಿಸುತ್ತಿದೆ. ನಮ್ಮದು 57 ಅಡಿಯ ದೋಣಿ. ಈ ಉದ್ದದ ದೋಣಿ ಅಲ್ಲಿನ ಬಹುಮಟ್ಟಿಗೆ ಎಲ್ಲ ಕಾಲುವೆಗಳಲ್ಲೂ ಹೋಗಬಲ್ಲದು, ಅದಕ್ಕಿಂತ ಉದ್ದವಾದರೆ ಉತ್ತರದ ಕೆಲವು ಲಾಕುಗಳು ಸಾಲುವುದಿಲ್ಲ. ಹಿಂದಿನ ಕಾಲದ ದೋಣಿಕಾರರ ಕುಟುಂಬಗಳು ಸರಕಿಗೆ ಜಾಗ ಬಿಟ್ಟು ಹಿಂಬದಿಯ ಸುಮಾರು 10 ಅಡಿ ಉದ್ದದ ಕೋಣೆಯಲ್ಲಿ ಮಕ್ಕಳುಮರಿಗಳೊಂದಿಗೆ ಬಾಳಿದ್ದವು ಎಂಬುದನ್ನು ತಿಳಿದ ಮೇಲೆ, ಇಬ್ಬರಿಗೆ ಇಷ್ಟು ಜಾಗ ಸಾಲದು ಎನ್ನುವ ಮಾತು ನಮ್ಮ ಬಾಯಿಂದ ಬರಲಿಲ್ಲ. ಬೆಳಗಿನ ಇಷ್ಟಲಿಂಗ ಪೂಜೆಗೆ ಅಂಗೈ ಅಗಲದ ಜಾಗ ಸಾಕಾಗುತ್ತದೆ. ದೀಪ ಹಚ್ಚುವವರು ಮಾತ್ರ ಅದನ್ನು ಅಂಚಿರುವ ತಟ್ಟೆಯಲ್ಲಿಟ್ಟು, ಎದ್ದು ಹೋಗುವ ಮುನ್ನ ಶಾಂತ ಮಾಡಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,000 ಮೈಲಿ ಕಾಲುವೆ ಮತ್ತು ನದಿಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಲಾಕುಗಳ ದುರಸ್ತಿ, ನೀರಿನ ಕೊರತೆ, ಮುಚ್ಚಿದ ದಾರಿಗಳ ಸೂಚನೆಗಳನ್ನು ಅದು ಪ್ರಕಟಿಸುತ್ತದೆ, ಅವುಗಳನ್ನು ದಿನವೂ ನೋಡಬೇಕು. ದೊಡ್ಡ ದುರಸ್ತಿಗಳು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಬೇಸಿಗೆಯಲ್ಲಿ ದಾರಿ ತೆರೆದಿರುತ್ತದೆ ಎಂಬ ಭರವಸೆಯೂ ಬೇಡ: 2022 ಮತ್ತು 2025ರಲ್ಲಿ ಮಳೆಯ ಕೊರತೆಯಿಂದ ಲೀಡ್ಸ್ ಲಿವರ್‌ಪೂಲ್ ಕಾಲುವೆಯ ಬಹುಭಾಗವನ್ನು ಮುಚ್ಚಬೇಕಾಯಿತು.

ಚುಕ್ಕಾಣಿ

ದೋಣಿಯ ಹಿಂಬದಿಯಲ್ಲಿ ನಿಂತು ಟಿಲ್ಲರ್ ಎಂಬ ಉದ್ದ ಹಿಡಿಕೆಯಿಂದ ಅದನ್ನು ನಡೆಸಬೇಕು. ಹಿಡಿಕೆಯನ್ನು ಎಡಕ್ಕೆ ಒತ್ತಿದರೆ ಮೂತಿ ಬಲಕ್ಕೆ ತಿರುಗುತ್ತದೆ, ಬಲಕ್ಕೆ ಒತ್ತಿದರೆ ಎಡಕ್ಕೆ. ದೋಣಿ ತನ್ನ ನಡುಭಾಗವನ್ನು ಅಚ್ಚು ಮಾಡಿಕೊಂಡು ತಿರುಗುವುದರಿಂದ ಮೂತಿ ಒಂದು ಕಡೆ ಹೋದಾಗ ಹಿಂಬದಿ ಇನ್ನೊಂದು ಕಡೆ ಬೀಸುತ್ತದೆ. ಎದುರಿನ ಸೇತುವೆಯನ್ನು ಮಾತ್ರ ನೋಡುತ್ತ ಹಿಂದಿನ ದಂಡೆಯನ್ನು ಮರೆಯುವುದು ಹೊಸಬರೆಲ್ಲರೂ ಮಾಡುವ ತಪ್ಪು. ಕಬ್ಬು ಹೇರಿದ ಎರಡು ಟ್ರೇಲರುಗಳ ಟ್ರ್ಯಾಕ್ಟರನ್ನು ಮುಧೋಳದ ಕಾರ್ಖಾನೆಯ ದಾರಿಯಲ್ಲಿ ತಿರುಗಿಸುವವರು ಎಷ್ಟು ಮುಂಚೆ ಯೋಚಿಸುತ್ತಾರೋ ಅಷ್ಟೇ ಮುಂಚೆ ಇಲ್ಲಿಯೂ ಯೋಚಿಸಬೇಕು. ಬ್ರೇಕ್ ಎಂಬುದು ಇಲ್ಲ. ನಿಲ್ಲಿಸಬೇಕೆಂದರೆ ಎಂಜಿನನ್ನು ಹಿಂದಕ್ಕೆ ತಿರುಗಿಸಬೇಕು, ಹಾಗೆ ಹಿಂದಕ್ಕೆ ತಿರುಗುವಾಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಹದಿನೈದು ಟನ್ನಿಗೂ ಮೀರಿದ ಉಕ್ಕು ದಂಡೆಗೆ ತಾಗಲಿದೆ ಎಂದಾಗ ಕೈಯಿಂದಲೋ ಕಾಲಿನಿಂದಲೋ ತಡೆಯಲು ಹೋಗಬಾರದು. ದೋಣಿಗೆ ಗೀರು ಬಿದ್ದರೆ ಬಣ್ಣ ಹಚ್ಚಬಹುದು, ಸಿಕ್ಕಿಬಿದ್ದ ಕಾಲು ಮುರಿದೇ ಹೋಗುತ್ತದೆ.

ಗರಿಷ್ಠ ವೇಗ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ, ಅಂದರೆ ಎಂಜಿನ್ ಗುನುಗುವಷ್ಟೇ, ಹೋಗಬೇಕು. ಇಲ್ಲವಾದರೆ ನಿಮ್ಮ ಅಲೆಯಿಂದ ಅವರ ಗೂಟ ಕಿತ್ತು ಬರುತ್ತದೆ, ಒಲೆಯ ಮೇಲಿನ ಪಾತ್ರೆ ಉರುಳುತ್ತದೆ. ಎದುರಿಗೆ ದೋಣಿ ಬಂದರೆ ನೀವು ಬಲಕ್ಕೆ ಸರಿಯಬೇಕು. ನಮ್ಮ ರಸ್ತೆಯ ರೂಢಿಯಲ್ಲಿ ಕೈ ಎಡಕ್ಕೆ ಎಳೆಯುವುದರಿಂದ ಮೊದಲ ವಾರ ಇದನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರಿಗೆ ಅಂಟಿಸಿಕೊಂಡಿದ್ದೆವು.

ಅಲ್ಲಿಯೂ ನಾನು ಕಂಡ ದಂಪತಿಗಳಲ್ಲಿ ಹೆಚ್ಚಾಗಿ ಗಂಡಸರು ಚುಕ್ಕಾಣಿ ಹಿಡಿದಿರುತ್ತಾರೆ, ಹೆಂಗಸರು ಓಡಾಡಿ ಲಾಕಿನ ಭಾರವಾದ ಬಾಗಿಲುಗಳನ್ನು ದೂಡುತ್ತಿರುತ್ತಾರೆ. ಇದು ನನಗೆ ಸರಿಯೆನಿಸಲಿಲ್ಲ. ಚುಕ್ಕಾಣಿಗೆ ಬೇಕಾದದ್ದು ತಾಳ್ಮೆ, ಬಾಗಿಲಿಗೆ ಬೇಕಾದದ್ದು ಮೈಬಲ. ನಾವು ಮೂರನೆಯ ದಿನದಿಂದ ಲಾಕು ಬಿಟ್ಟು ಲಾಕಿಗೆ ಕೆಲಸ ಬದಲಿಸಿಕೊಳ್ಳುತ್ತ ಹೋದೆವು. ಮೊದಲ ಹತ್ತು ದಿನ ನಾನು ದಂಡೆಗೆ ಬಡಿಸಿದ್ದು ಎಷ್ಟು ಸಾರಿಯೋ ಲೆಕ್ಕವಿಲ್ಲ. ಆದರೆ ಜೂನ್ ಕೊನೆಯ ಹೊತ್ತಿಗೆ ಮಂಡಿನೋವಿನಿಂದ ನಮ್ಮ ಮನೆಯವರು ಎರಡು ದಿನ ಮಲಗಿದಾಗ, ಲಾಕಿಲ್ಲದ ಒಂಬತ್ತು ಮೈಲಿಯನ್ನು ನಾನೊಬ್ಬಳೇ ನಡೆಸಿ, ಔಷಧದ ಅಂಗಡಿಯಿರುವ ಊರಿಗೆ ದೋಣಿಯನ್ನು ಮುಟ್ಟಿಸಿದೆ.

ಲಾಕು

ನಮ್ಮ ಮನೆಯವರು ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಮೇಲೆ ಕೆಲಸ ಮಾಡಿದವರು. ಆಲಮಟ್ಟಿಯ 26 ಗೇಟುಗಳನ್ನು ಏರಿಸಿ ಇಳಿಸುವುದನ್ನು ಹತ್ತಿರದಿಂದ ಕಂಡವರು. ಹಾಗಿದ್ದರೂ ಲಾಕನ್ನು ಅರಿಯಲು ಅವರಿಗೂ ಎರಡು ದಿನ ಹಿಡಿಯಿತು, ಏಕೆಂದರೆ ನಮ್ಮ ಕಾಲುವೆಯ ಉದ್ದೇಶವೇ ಬೇರೆ. ಹೊಲಕ್ಕೆ ನೀರು ಹರಿಯಬೇಕಾದ್ದರಿಂದ ಇಲ್ಲಿನ ಕಾಲುವೆಗೆ ಇಳಿಜಾರು ಕೊಡುತ್ತಾರೆ. ದೋಣಿ ಸಾಗುವ ಕಾಲುವೆಯ ನೀರು ಎರಡು ಲಾಕುಗಳ ನಡುವೆ ಕೆರೆಯಂತೆ ಸಮಮಟ್ಟದಲ್ಲಿ ನಿಂತಿರಬೇಕು. ನೆಲ ಏರಿದಲ್ಲಿ ಅಥವಾ ಇಳಿದಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಸಾಗಿಸುವ, ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿಯೇ ಲಾಕು. ಬಾಗಿಲಿನಲ್ಲಿ ಅಥವಾ ನೆಲದಡಿಯಲ್ಲಿ ಪ್ಯಾಡಲ್ ಎಂಬ ಸಣ್ಣ ತೂಬುಗಳಿರುತ್ತವೆ. ವಿಂಡ್ಲಾಸ್ ಎಂಬ ಬಾಗಿದ ಕಬ್ಬಿಣದ ಹಿಡಿಕೆಯನ್ನು ಹಲ್ಲುಗಾಲಿಯ ತುದಿಗೆ ತೊಡಿಸಿ ತಿರುಗಿಸಿದರೆ ತೂಬು ಮೇಲೇಳುತ್ತದೆ. ಎರಡೂ ಕಡೆಯ ನೀರು ಸಮವಾಗುವವರೆಗೆ ಬಾಗಿಲು ಎಷ್ಟು ದೂಡಿದರೂ ಅಲುಗುವುದಿಲ್ಲ, ಸಮವಾದ ಮೇಲೆ ಬೆನ್ನು ಕೊಟ್ಟು ನಿಧಾನವಾಗಿ ಒತ್ತಿದರೆ ತಾನಾಗಿಯೇ ಸರಿಯುತ್ತದೆ. ಆದ್ದರಿಂದ ಅಲ್ಲಿ ಬಲ ಹಾಕುವುದಕ್ಕಿಂತ ಕಾಯುವುದೇ ಲೇಸು.

ಮೇಲಕ್ಕೆ ಏರುವಾಗ ಖಾಲಿಯಾದ ಲಾಕಿನೊಳಗೆ ದೋಣಿಯನ್ನು ನಡೆಸಿ, ಹಿಂದಿನ ಬಾಗಿಲು ಮುಚ್ಚಿ, ಅದರ ತೂಬುಗಳು ಇಳಿದಿವೆಯೇ ಎಂದು ನೋಡಿ, ಮುಂದಿನ ನೆಲತೂಬನ್ನು ಮೊದಲು ಅರ್ಧದಷ್ಟು ಮಾತ್ರ ಎತ್ತಬೇಕು. ಒಮ್ಮೆಲೇ ಪೂರ್ತಿ ಎತ್ತಿದರೆ ನುಗ್ಗುವ ನೀರು ದೋಣಿಯನ್ನು ಹಿಂದಕ್ಕೂ ಮುಂದಕ್ಕೂ ಎಸೆಯುತ್ತದೆ. ಬಾಗಿಲಿನಲ್ಲೇ ಇರುವ ತೂಬುಗಳನ್ನು ಅವು ಒಳಗಿನ ನೀರಿನಲ್ಲಿ ಮುಳುಗಿದ ಮೇಲಷ್ಟೇ ಎತ್ತಬೇಕು, ಇಲ್ಲವಾದರೆ ಆ ನೀರಿನ ಧಾರೆ ನೇರವಾಗಿ ದೋಣಿಯ ಮುಂಭಾಗದೊಳಗೆ ಬೀಳುತ್ತದೆ. ದೋಣಿಯ ಮೂತಿ ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಂಡಿಲ್ಲವೆಂಬುದನ್ನು ನೋಡುತ್ತಲೇ ಇರಬೇಕು.

ಕೆಳಗೆ ಇಳಿಯುವಾಗ ಅಪಾಯ ಹಿಂದೆ ಇರುತ್ತದೆ. ಮೇಲಿನ ಬಾಗಿಲಿನ ಬುಡದಲ್ಲಿ ಸಿಲ್ ಎಂಬ ಕಲ್ಲಿನ ಅಥವಾ ಕಾಂಕ್ರೀಟಿನ ಮೆಟ್ಟಿಲು ಚಾಚಿಕೊಂಡಿರುತ್ತದೆ. ಲಾಕು ತುಂಬಿದ್ದಾಗ ಅದು ಕಾಣುವುದಿಲ್ಲ. ಅದು ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ದಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಮಾಡಿರುತ್ತಾರೆ. ದೋಣಿಯ ಹಿಂಬದಿ ಆ ಗುರುತಿಗಿಂತ ಮುಂದೆ ಇರಲೇಬೇಕು. ನೀರು ಇಳಿಯುವಾಗ ಹಿಂಬದಿ ಸಿಲ್ಲಿನ ಮೇಲೆ ಕುಳಿತುಬಿಟ್ಟರೆ ಮೂತಿ ಮಾತ್ರ ಇಳಿಯುತ್ತ ಹೋಗಿ, ಕೆಲವೇ ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ. ಹಾಗೇನಾದರೂ ಆಗುವ ಲಕ್ಷಣ ಕಂಡರೆ ಮೊದಲು ಕೆಳಗಿನ ತೂಬುಗಳನ್ನು ಇಳಿಸಿ, ಆಮೇಲೆ ಮೇಲಿನ ತೂಬಿನಿಂದ ನಿಧಾನವಾಗಿ ನೀರು ತುಂಬಬೇಕು.

ನಮಗೆ ಆದ ಅವಘಡವನ್ನು ಇಲ್ಲಿ ಹೇಳಬೇಕು. ಲೆಸ್ಟರ್ ಕಡೆಗೆ ಇಳಿಯುವ ಅಗಲವಾದ ಲಾಕೊಂದರಲ್ಲಿ ದೋಣಿ ಆಚೀಚೆ ತೇಲದಿರಲೆಂದು ನಾನು ನಡುವಿನ ಹಗ್ಗವನ್ನು ದಂಡೆಯ ಕಂಬಕ್ಕೆ ಗಂಟು ಹಾಕಿ ತೂಬು ಎತ್ತಲು ಹೋದೆ. ನೀರು ಇಳಿಯಿತು, ಹಗ್ಗ ಇಳಿಯಲಿಲ್ಲ. ದೋಣಿ ಒಂದು ಬದಿಗೆ ವಾಲತೊಡಗಿತು, ಒಳಗಿನ ಪಾತ್ರೆಗಳು ಜಾರಿದವು. ನಮ್ಮ ಮನೆಯವರು ಕೆಳಗಿನಿಂದ ಕೂಗಿದ್ದು ಎಂಜಿನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಅವರ ಮುಖ ನೋಡಿ ತೂಬು ಇಳಿಸಿದೆ. ಅಂದಿನಿಂದ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಮಾತ್ರ ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ಸಡಿಲಿಸುತ್ತ ಬಂದೆವು. ಕೂಗುವುದನ್ನು ಬಿಟ್ಟು ನಾಲ್ಕು ಸನ್ನೆಗಳನ್ನು ಮಾಡಿಕೊಂಡೆವು: ಎರಡೂ ಕೈ ಮೇಲೆತ್ತಿ ಅಡ್ಡ ಹಿಡಿದರೆ ತೂಬು ಇಳಿಸು, ಅಂಗೈ ತೋರಿದರೆ ತಡೆ, ಬೆರಳು ಮೇಲೆತ್ತಿ ಸುತ್ತಿದರೆ ತೂಬು ಎತ್ತು, ತಲೆಯ ಮೇಲೆ ಕೈಯಿಟ್ಟರೆ ಎಲ್ಲ ಸರಿ. ಹೊರಡುವ ಮೊದಲೇ ಮನೆಯಂಗಳದಲ್ಲಿ ಇವನ್ನು ರೂಢಿ ಮಾಡಿಕೊಳ್ಳಿ.

ಸೀರೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಲಾಕಿನ ಹಲ್ಲುಗಾಲಿಯ ಬಳಿ ಸೆರಗು, ದುಪಟ್ಟಾ, ಸಡಿಲವಾದ ಶಾಲು ಯಾವುದೂ ಬೇಡ. ಒಳಗೆ ಸೀರೆ ಉಡಬಹುದು. ಲಾಕಿನ ಮೇಲೆ ಚೂಡಿದಾರ ಅಥವಾ ಪ್ಯಾಂಟು, ಜಾರದ ಬೂಟು, ಕೈಗವಸು ಇರಬೇಕು. ವಿಂಡ್ಲಾಸನ್ನು ತಿರುಗಿಸಿದ ಮೇಲೆ ಅಲ್ಲಿಯೇ ಬಿಡದೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಏಕೆಂದರೆ ಹಲ್ಲುಗಾಲಿಯನ್ನು ಹಿಡಿದಿಡುವ ತಡೆಗೊಕ್ಕೆ ಜಾರಿದರೆ ವಿಂಡ್ಲಾಸ್ ಗಿರಗಿರನೆ ತಿರುಗಿ ಮುಖಕ್ಕೆ ಬಡಿಯಬಲ್ಲದು. ಅದು ನೀರಿಗೆ ಬೀಳುವುದೂ ಉಂಟು, ಮೂರು ವಿಂಡ್ಲಾಸುಗಳನ್ನು ಇಟ್ಟುಕೊಂಡಿರಿ.

ಕಿರಿದಾದ ಲಾಕು ಒಮ್ಮೆ ತುಂಬಲು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಲಾಕಿನ ನೀರಿನ ಮಟ್ಟ ನಿಮಗೆ ಅನುಕೂಲವಾಗಿದೆಯೋ ಎದುರಿನಿಂದ ಬರುವ ದೋಣಿಗೋ ಎಂದು ನೋಡಿ, ಅವರಿಗೆ ಅನುಕೂಲವಾಗಿದ್ದರೆ ಐದು ನಿಮಿಷ ಕಾದು ಅವರನ್ನು ಮೊದಲು ಬಿಡುವುದು ಅಲ್ಲಿನ ರೀತಿ. ಬೇಸಿಗೆಯಲ್ಲಿ ಪಾಳಿಯ ನೀರಿಗೆ ಕಾಲುವೆಯ ತುದಿಯಲ್ಲಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರು, ಕರೆಂಟು, ಶೌಚ

ನಮ್ಮ ದೋಣಿಯ ನೀರಿನ ತೊಟ್ಟಿ 450 ಲೀಟರಿನದು. ನಲ್ಲಿ ಬರುವ ದಿನ ನೋಡಿಕೊಂಡು ಹಂಡೆ, ಕೊಡಗಳನ್ನು ತುಂಬಿಸಿ ಸಂಸಾರ ಮಾಡಿದ ನಮ್ಮ ಕಡೆಯ ಹೆಣ್ಣುಮಕ್ಕಳು ಇಷ್ಟರಲ್ಲಿ ಐದು ದಿನ ಸುಲಭವಾಗಿ ಕಳೆಯುತ್ತಾರೆ. ಕಾಲುವೆಯುದ್ದಕ್ಕೂ ಟ್ರಸ್ಟ್‌ನ ಕುಡಿಯುವ ನೀರಿನ ನಲ್ಲಿಗಳಿವೆ. ಅವುಗಳ ಜಾಗಕ್ಕೂ ಶೌಚ ಖಾಲಿ ಮಾಡುವ ಕೋಣೆಗಳಿಗೂ ಒಂದೇ ಬಗೆಯ ಬೀಗದ ಕೈ ಇರುತ್ತದೆ. ಅದಕ್ಕೆ ಬೆಂಡಿನ ತುಂಡನ್ನು ಕಟ್ಟಿಡಿ, ಬಿದ್ದರೆ ತೇಲುತ್ತದೆ. ನಲ್ಲಿಗೆ ಪೈಪು ಹಚ್ಚುವ ಮೊದಲು ಒಂದೆರಡು ನಿಮಿಷ ನೀರು ಹರಿಯಬಿಡಬೇಕು.

ಕರೆಂಟು 12 ವೋಲ್ಟಿನ ಬ್ಯಾಟರಿಗಳಿಂದ ಬರುತ್ತದೆ. ಎಂಜಿನ್ ಓಡುವಾಗಲೂ ಚಾವಣಿಯ ಸೌರಫಲಕಗಳಿಂದಲೂ ಅವು ತುಂಬುತ್ತವೆ. ಮಿಕ್ಸಿಯ ಆಸೆ ಬೇಡ: 750 ವಾಟಿನ ಮಿಕ್ಸಿಯನ್ನು ಇನ್ವರ್ಟರ್ ಮೂಲಕ ಓಡಿಸಿದರೆ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಸೀಸದ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅವುಗಳ ಆಯುಷ್ಯ ಕಡಿಮೆಯಾಗುತ್ತದೆ. ಕಟ್ಟಿ ನಿಲ್ಲಿಸಿದಾಗ ರಾತ್ರಿ 8ರಿಂದ ಬೆಳಗಿನ 8ರವರೆಗೆ ಎಂಜಿನ್ ಓಡಿಸಬಾರದು.

ಶೌಚದ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರಿಗೂ ಇರುವ ಚಿಂತೆ ಅದೇ. ನಮ್ಮ ದೋಣಿಯಲ್ಲಿ ಕ್ಯಾಸೆಟ್ ಎಂಬ ಹೊರತೆಗೆಯಬಹುದಾದ ಡಬ್ಬಿಯಿತ್ತು, ಇಬ್ಬರಿಗೆ ಎರಡು ದಿನಕ್ಕೆ ತುಂಬುತ್ತಿತ್ತು. ನಮ್ಮ ರೂಢಿಯಂತೆ ಚೊಂಬಿನ ನೀರು ಬಳಸಿದರೆ ಅದು ಇನ್ನೂ ಬೇಗ ತುಂಬುತ್ತದೆ. ಆದ್ದರಿಂದ ಸಣ್ಣ ಮೂತಿಯ ಬಾಟಲಿಯಿಂದ ನೀರು ಬಳಸುವುದನ್ನು ರೂಢಿಸಿಕೊಂಡೆವು, ಒಂದು ಹೆಚ್ಚುವರಿ ಕ್ಯಾಸೆಟ್ಟನ್ನೂ ಇಟ್ಟುಕೊಂಡೆವು. ಎಲ್ಸನ್ ಎಂದು ಬರೆದಿರುವ ಕಡೆ ಮಾತ್ರ ಅದನ್ನು ಖಾಲಿ ಮಾಡಿ, ತೊಳೆದು, ಆ ಜಾಗವನ್ನೂ ತೊಳೆದು ಬರಬೇಕು. ಒಂದು ದಿನ ಅವರು, ಒಂದು ದಿನ ನಾನು. ಪಾತ್ರೆ ತೊಳೆದ ನೀರು ಕಾಲುವೆಗೇ ಹೋಗುವುದರಿಂದ ಬಾಣಲೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ತೆಗೆಯಬೇಕು.

ಅಡುಗೆ

ದೋಣಿಯ ಬಾಳಿಗೆ ನಮ್ಮ ಕಡೆಯ ಕಡಕ್ ರೊಟ್ಟಿಗಿಂತ ಒಳ್ಳೆಯ ಆಹಾರವನ್ನು ನಾನು ಕಂಡಿಲ್ಲ. ಫ್ರಿಜ್ ಬೇಡ, ಬಿಸಿ ಮಾಡಬೇಕಾಗಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳೊಂದಿಗೆ ಲಾಕಿನ ಸಾಲಿನಲ್ಲಿ ನಿಂತೇ ಊಟ ಮುಗಿಸಬಹುದು. ಹಿಂಡಿಗಳನ್ನು ಊರಿನಿಂದಲೇ ಒಯ್ಯಿರಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲವಾದ್ದರಿಂದ ಮಕ್ಕಳಿಗೆಂದು ಬೆಳಗಾವಿಯ ಕುಂದಾ ಕಟ್ಟಿಸಿಕೊಳ್ಳಬೇಡಿ.

ಒಗ್ಗರಣೆ ಹಾಕುವಾಗ ಪಕ್ಕದ ಕಿಟಕಿಬಾಗಿಲನ್ನು ತೆರೆಯಬೇಕು, ಇಲ್ಲವಾದರೆ ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ. ಹಾಗೆಂದು ಅಲಾರಮ್ಮಿನ ಬ್ಯಾಟರಿ ತೆಗೆಯುವ ಕೆಲಸ ಎಂದೂ ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಅಲಾರಂ ಇರುವುದನ್ನು ವಾಸದ ದೋಣಿಗಳಲ್ಲಿ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ್ದಾರೆ. ಚಳಿಯೆಂದು ಗಾಳಿಕಿಂಡಿಗಳಿಗೆ ಬಟ್ಟೆ ತುರುಕಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ದೋಣಿಯ ತಳದಲ್ಲಿ ಕೂಡುತ್ತದೆ. ಸಿಲಿಂಡರ್ ಇಡುವ ಗೂಡಿಗೆ ಹೊರಗೆ ತೆರೆಯುವ ರಂಧ್ರವಿರುವುದು ಅದಕ್ಕಾಗಿಯೇ, ಅದಕ್ಕೆ ಹಗ್ಗವೋ ಕಸವೋ ಅಡ್ಡ ಬರದಂತೆ ನೋಡಿಕೊಳ್ಳಬೇಕು.

ಮೊದಲ ದಾರಿ

ಹೊಸಬರಿಗೆ ನಾನು ಸೂಚಿಸುವ ದಾರಿ ಬ್ರಾನ್‌ಸ್ಟನ್‌ನಿಂದ ಲೆಸ್ಟರ್‌ವರೆಗಿನದು. ಮೊದಲಿಗೆ ಆರು ಲಾಕುಗಳು, ಅವುಗಳ ಹಿಂದೆಯೇ 2,042 ಗಜದ ಬ್ರಾನ್‌ಸ್ಟನ್ ಸುರಂಗ, ಆಮೇಲೆ ನಾರ್ಟನ್ ಕೂಡುದಾರಿಯಲ್ಲಿ ಎಡಕ್ಕೆ ತಿರುಗಿದರೆ ವ್ಯಾಟ್‌ಫರ್ಡ್‌ನ ಏಳು ಲಾಕುಗಳು ಸಿಗುತ್ತವೆ. ಅಷ್ಟನ್ನು ಏರಿದ ಮೇಲೆ 20 ಮೈಲಿ ಒಂದೂ ಲಾಕಿಲ್ಲದ ಸಮಮಟ್ಟದ ಕಾಲುವೆ. ಎರಡು ಬದಿಗೂ ಕುರಿಗಳ ಹುಲ್ಲುಗಾವಲು, ಊರುಗಳು ದೂರದಲ್ಲಿ. ಏಳು ಗಂಟೆಯಲ್ಲಿ ಮುಗಿಸಬಹುದಾದ ಆ ದೂರಕ್ಕೆ ನಾವು ಐದು ದಿನ ತೆಗೆದುಕೊಂಡೆವು, ನಾನು ಚುಕ್ಕಾಣಿ ಕಲಿತದ್ದು ಅಲ್ಲಿಯೇ. ಅದರ ಕೊನೆಯಲ್ಲಿ ಫಾಕ್ಸ್‌ಟನ್‌ನ ಹತ್ತು ಲಾಕುಗಳು ಐದೈದರ ಎರಡು ಮೆಟ್ಟಿಲುಸಾಲುಗಳಾಗಿ 75 ಅಡಿ ಇಳಿಯುತ್ತವೆ. ಅಲ್ಲಿ ಪ್ರತಿ ಲಾಕಿಗೂ ಕೆಂಪು, ಬಿಳಿ ಬಣ್ಣದ ಎರಡು ತೂಬುಗಳಿದ್ದು ಕೆಂಪನ್ನೇ ಮೊದಲು ಎತ್ತಬೇಕು. ಲಾಕಿನ ಕಾವಲುಗಾರರ ಬಳಿ ಹೆಸರು ಹೇಳಿ, ಅವರ ಅಪ್ಪಣೆಯಾದ ಮೇಲೆಯೇ ಇಳಿಯಬೇಕು. ದಿನದ ಲೆಕ್ಕಕ್ಕೆ ಗಂಟೆಗೆ ಮೂರು ಮೈಲಿ, ಪ್ರತಿ ಲಾಕಿಗೆ ಇಪ್ಪತ್ತು ನಿಮಿಷ ಹಿಡಿಯಿರಿ, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ನಡೆಸಬೇಡಿ.

ಲೆಸ್ಟರ್‌ನಲ್ಲಿ ದೋಣಿ ಕಟ್ಟಿ ಬೆಲ್‌ಗ್ರೇವ್ ರಸ್ತೆಗೆ ಹೋದರೆ ಗುಜರಾತಿ ಅಂಗಡಿಗಳಲ್ಲಿ ಜೋಳದ ಹಿಟ್ಟು, ತೊಗರಿಬೇಳೆ, ಮೆಂತೆಸೊಪ್ಪು ದೊರೆಯುತ್ತವೆ. ಆರು ವಾರಗಳ ನಂತರ ಆ ಸಂಜೆ ನಾನು ಬಡಿದ ಬಿಸಿರೊಟ್ಟಿಯ ಸದ್ದಿಗೆ ಪಕ್ಕದ ದೋಣಿಯ ಅಜ್ಜಿ ಏನಾಯಿತೆಂದು ನೋಡಲು ಬಂದು, ಎರಡು ರೊಟ್ಟಿ ತಿಂದು ಹೋದರು. ಲೆಸ್ಟರ್ ಊರಿನ ಹತ್ತಿರ ಸೋರ್ ನದಿಯ ನೀರು ಕಾಲುವೆಯೊಂದಿಗೆ ಬೆರೆಯುತ್ತದೆ. ನದಿಯ ಮಟ್ಟ ತೋರಿಸುವ ಫಲಕದಲ್ಲಿ ನೀರು ಕೆಂಪು ಪಟ್ಟಿಗೆ ಏರಿದ್ದರೆ ಎಷ್ಟೇ ದಿನವಾಗಲಿ ಕಾಯಬೇಕು. ಕೃಷ್ಣೆಯ ಪ್ರವಾಹ ಕಂಡವರು ಇದರಲ್ಲಿ ಆತುರ ತೋರಲಾರರು.

ಕಟ್ಟುವುದು, ಕಾಯುವುದು

ದಂಡೆಯ ಹಾದಿಯ ಬದಿಯಲ್ಲಿ, ನಿಷೇಧದ ಫಲಕವಿಲ್ಲದ ಕಡೆ, ಸಾಮಾನ್ಯವಾಗಿ 14 ದಿನಗಳವರೆಗೆ ದೋಣಿ ಕಟ್ಟಬಹುದು. ಊರುಗಳ ಬಳಿ ಎರಡು ದಿನ, ಐದು ದಿನ ಎಂಬ ಮಿತಿಗಳಿರುತ್ತವೆ. ಸೇತುವೆಯ ಕೆಳಗೆ, ಲಾಕಿನ ಬಾಯಲ್ಲಿ, ತಿರುವಿನಲ್ಲಿ, ದೋಣಿ ತಿರುಗಿಸುವ ಅಗಲ ಜಾಗದಲ್ಲಿ ಕಟ್ಟಬಾರದು. ಎತ್ತು ಕಟ್ಟುವ ಗೂಟದಂತೆಯೇ ಕಬ್ಬಿಣದ ಗೂಟವನ್ನು ದೋಣಿಯಿಂದ ಆಚೆಗೆ ವಾಲಿಸಿ ಹೊಡೆದು, ದಾರಿಹೋಕರು ಎಡವದಂತೆ ಅದಕ್ಕೊಂದು ಬಿಳಿ ಬಟ್ಟೆ ಕಟ್ಟಬೇಕು. ಎಲ್ಲಿ ಕಟ್ಟಿದ್ದೇವೆ ಎಂಬುದನ್ನು ಪ್ರತಿ ಸಂಜೆ ಬರೆದಿಡುವುದು ಮುಖ್ಯ: ಅಲ್ಲಿನ ಸೇತುವೆಗಳಿಗೆ ಸಂಖ್ಯೆಗಳಿವೆ, 999ಕ್ಕೆ ಕರೆ ಮಾಡಿದಾಗ ಕಾಲುವೆಯ ಹೆಸರು ಮತ್ತು ಹತ್ತಿರದ ಸೇತುವೆಯ ಸಂಖ್ಯೆ ಹೇಳಿದರೆ ನಿಮ್ಮನ್ನು ಹುಡುಕುವುದು ಸುಲಭವಾಗುತ್ತದೆ.

ಪ್ರೊಪೆಲ್ಲರಿಗೆ ಪ್ಲಾಸ್ಟಿಕ್, ಹಗ್ಗ, ಬಟ್ಟೆ ಸುತ್ತಿಕೊಳ್ಳುವುದು ವಾರಕ್ಕೊಮ್ಮೆಯಾದರೂ ಆಗುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಹಿಂಬದಿಯ ಮುಚ್ಚಳ ತೆರೆದು ಕೈ ಹಾಕಿ ಬಿಡಿಸಬೇಕು. ಆ ಮುಚ್ಚಳವನ್ನು ಮತ್ತೆ ಬಿಗಿಯಾಗಿ ಮುಚ್ಚಿದ್ದೀರೆಂದು ಇಬ್ಬರೂ ನೋಡಬೇಕು. ಅದು ಸಡಿಲವಾಗಿದ್ದರೆ ಎಂಜಿನ್ ಚಾಲೂ ಆದೊಡನೆ ನೀರು ಒಳಗೆ ನುಗ್ಗಿ ದೋಣಿ ಮುಳುಗಬಹುದು. ಕೈಯಲ್ಲಿ ಗಾಯವಿದ್ದವರು ಕೈಗವಸಿಲ್ಲದೆ ಕಾಲುವೆಯ ನೀರು ಮುಟ್ಟಬಾರದು. ಇಲಿ ಜ್ವರದ ರೋಗಾಣುಗಳು ನಮ್ಮ ಗದ್ದೆಗಳ ನೀರಿನಲ್ಲಿರುವಂತೆ ಅಲ್ಲಿಯೂ ಇರಬಹುದು. ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆಯಬೇಕು. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕಾಲುವೆಯ ನೀರು ಮುಟ್ಟಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪ್ರತಿ ಸಂಜೆ ಎಂಜಿನ್ ನಿಂತ ಮೇಲೆ ಪ್ರೊಪೆಲ್ಲರಿನ ದಂಡ ಹೊರಹೋಗುವ ಜಾಗದ ಗ್ರೀಸ್ ತಿರುಪನ್ನು ಬಿಗಿಯಾಗುವವರೆಗೆ ತಿರುಗಿಸಬೇಕು, ಇಲ್ಲವಾದರೆ ರಾತ್ರಿಯೆಲ್ಲ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ. ನಾವು ಒಂದು ಇನ್ನೂರು ಪುಟದ ನೋಟುಬುಕ್ಕನ್ನು ಇಟ್ಟು, ಎಂಜಿನ್ ಓಡಿದ ಗಂಟೆ, ತುಂಬಿದ ಡೀಸೆಲ್ಲು, ನೀರು ಹಿಡಿದ ದಿನ, ದಾಟಿದ ಲಾಕು, ಕಟ್ಟಿದ ಸೇತುವೆಯ ಸಂಖ್ಯೆಗಳನ್ನು ಅದರಲ್ಲಿ ಬರೆಯುತ್ತಿದ್ದೆವು. ಸಮಸಂಖ್ಯೆಯ ತಾರೀಕು ನನ್ನದು, ಬೆಸಸಂಖ್ಯೆಯದು ಅವರದು. ಆಗಸ್ಟ್ ಕೊನೆಯಲ್ಲಿ ಕ್ಯಾಸೆಟ್ಟುಗಳನ್ನು ತೊಳೆದು, ಗ್ಯಾಸ್ ಮುಚ್ಚಿ, ನೀರಿನ ತೊಟ್ಟಿಯನ್ನೂ ಡೀಸೆಲ್ಲನ್ನೂ ತುಂಬಿಸಿ, ಕೀಲಿಗಳೊಂದಿಗೆ ಆ ನೋಟುಬುಕ್ಕನ್ನೂ ಮಗಳ ಕೈಗೆ ಕೊಟ್ಟೆವು.